ಅಜ್ಜ ಆಗಿದ್ದರೆ ಇದನ್ನು ತರುತ್ತಿದ್ದರಾ?

ಪ್ರಶ್ನೆ: ನನಗೆ 46 ವರ್ಷ. ಊರು ಕುಂದಾಪುರದ ಕಡೆ, ಮನೆ ಡೊಂಬಿವಲಿಯಲ್ಲಿ. ಲೋವರ್ ಪರೇಲಿನ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಮ್ಯಾನೇಜರ್ ಆಗಿದ್ದೇನೆ. ನಮ್ಮ ಅಪ್ಪಯ್ಯ ಹದಿಮೂರನೆಯ ವಯಸ್ಸಿಗೆ ಮುಂಬಯಿಗೆ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತ, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಅದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತವರು. ಗಿರಾಕಿಯೊಬ್ಬರು ಮರೆತು ಹೋದ ಹಣದ ಚೀಲವನ್ನು ಬೋರಿಬಂದರ್ ಸ್ಟೇಷನ್ನಿನವರೆಗೆ ಓಡಿ ಹೋಗಿ ಕೊಟ್ಟುಬಂದ ಅವರ ಕತೆಯನ್ನು ಮಗಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅವರು ವರ್ಷಕ್ಕೊಮ್ಮೆ ಹದಿನೈದು ದಿನ ಊರಿಗೆ ಬರುತ್ತಿದ್ದರು. ನಾವು ಮಕ್ಕಳು ಅವರನ್ನು ನೆಂಟರಂತೆ ನೋಡುತ್ತಿದ್ದೆವು. ಮಗಳಿಗೆ ಈಗ 17. ಒಂದು ಕಾಲೇಜಿನ ಅರ್ಜಿಯಲ್ಲಿ ಸಮಾಜಸೇವೆಯ ಕಾಲಂ ಇತ್ತು. ಪರಿಚಯದವರೊಬ್ಬರ ಸಂಸ್ಥೆಯಿಂದ, ಅವಳು 120 ಗಂಟೆ ಸೇವೆ ಮಾಡಿದ್ದಾಳೆ ಎಂಬ ಸರ್ಟಿಫಿಕೇಟು ಬರೆಯಿಸಿ ತಂದೆ. ಅವಳು ಆ ಸಂಸ್ಥೆಯ ಬಾಗಿಲನ್ನೂ ನೋಡಿದವಳಲ್ಲ. ಭಾನುವಾರಗಳಂದು ನಮ್ಮ ಸೊಸೈಟಿಯ ವಾಚ್‌ಮನ್‌ನ ಇಬ್ಬರು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ, ಅಷ್ಟೇ. ಕಾಗದವನ್ನು ಊಟದ ಮೇಜಿನ ಮೇಲೆ ಇಟ್ಟೆ. ಅವಳು ಅದನ್ನು ಮುಟ್ಟಲಿಲ್ಲ. 'ಪಪ್ಪಾ, ಅಜ್ಜ ಆಗಿದ್ದರೆ ಇದನ್ನು ತರುತ್ತಿದ್ದರಾ?' ಎಂದು ಕೇಳಿ ಎದ್ದುಹೋದಳು. ಅಂದಿನಿಂದ ಯೋಚಿಸಿದಷ್ಟೂ ನನ್ನ ಬದುಕೇ ಪುರಾಣದ ಬದನೆಕಾಯಿ ಅನ್ನಿಸುತ್ತಿದೆ. ಮಾರ್ಚ್ ಕೊನೆಯಲ್ಲಿ ಬಿಲ್ಲುಗಳಿಗೆ ಹಿಂದಿನ ತಾರೀಖು ಹಾಕಿ ಪಾಸು ಮಾಡುವುದು ನಮ್ಮ ಆಫೀಸಿನಲ್ಲಿ ಮಾಮೂಲು. ಅದೂ ಈಗ ಚುಚ್ಚುತ್ತಿದೆ. ಮೂರು ವಾರದಿಂದ ಸರಿಯಾಗಿ ನಿದ್ದೆಯಿಲ್ಲ. ನನಗೆ ಮೌಲ್ಯಗಳೇ ಇಲ್ಲವೇ? ಅಪ್ಪಯ್ಯನಲ್ಲಿದ್ದದ್ದು ನನ್ನಲ್ಲಿ ಏಕೆ ಇಳಿಯಲಿಲ್ಲ? ಈ ಊರು ನನ್ನನ್ನು ಹೀಗೆ ಮಾಡಿತೇ? ಕೆಲಸ ಬಿಡಬೇಕೇ? ಅರ್ಜಿಗೆ ಈ ತಿಂಗಳ 28 ಕೊನೆಯ ದಿನ.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿದ್ದರೂ ಅವುಗಳ ಕೆಳಗೆ ಒಂದೇ ಹೆದರಿಕೆಯಿದೆ: ಇಷ್ಟು ವರ್ಷ ನಿಮ್ಮದೆಂದು ನಂಬಿಕೊಂಡು ಬಂದ ನಿಯತ್ತು ನಿಮ್ಮದಲ್ಲ, ಅದು ಅಪ್ಪಯ್ಯನ ಕತೆ ಮಾತ್ರ, ನೀವು ಅದನ್ನು ಹೇಳುತ್ತ ಬಂದವರು ಅಷ್ಟೇ ಎಂಬ ಹೆದರಿಕೆ. ಮಾಟುಂಗಾದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಆಪ್ತಸಮಾಲೋಚನೆ ನಡೆಸುತ್ತಿರುವ ನನ್ನ ಮುಂದೆ ಈ ಹೆದರಿಕೆಯನ್ನು ಬೇರೆ ಬೇರೆ ಮಾತುಗಳಲ್ಲಿ ಹೇಳಿಕೊಂಡವರು ಬಹಳ ಮಂದಿ, ಅವರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು. ಆದ್ದರಿಂದ ಮೊದಲು ಒಂದು ಮಾತನ್ನು ನೇರವಾಗಿ ಹೇಳುತ್ತೇನೆ. ಆ ಸರ್ಟಿಫಿಕೇಟು ಸುಳ್ಳು, ಅದನ್ನು ತಂದದ್ದು ತಪ್ಪು, ನಿಮ್ಮ ಮಗಳು ಹೇಳಿದ್ದು ಸರಿ. ಆದರೆ ಅದರಿಂದ ನಿಮಗೆ ಮೌಲ್ಯಗಳೇ ಇಲ್ಲ ಎಂದು ತೀರ್ಮಾನಿಸುವುದು ಸರಿಯಲ್ಲ. ನನ್ನ ತಿಳಿವಳಿಕೆಯಲ್ಲಿ ನೀವು ಆ ಕಾಗದವನ್ನು ತಂದದ್ದು ಮೌಲ್ಯವಿಲ್ಲದೆ ಅಲ್ಲ. ನಿಮ್ಮಲ್ಲಿ ಬಲವಾಗಿ ಬೇರೂರಿರುವ, ಆದರೆ ನೀವು ಎಂದೂ ಹೆಸರಿಟ್ಟು ಕರೆಯದ ಇನ್ನೊಂದು ಮೌಲ್ಯದ ಕಾರಣದಿಂದ.

ಅದನ್ನು ವಿವರಿಸುವ ಮೊದಲು ಶಬ್ದದ ಬಗ್ಗೆ ಸ್ವಲ್ಪ. ನನ್ನ ಕೋಣೆಯಲ್ಲಿ ಯಾರೂ 'ಮೌಲ್ಯ' ಎನ್ನುವುದಿಲ್ಲ. ನಿಯತ್ತು, ಮರ್ಯಾದೆ, ಋಣ, ಸಂಸ್ಕಾರ ಎನ್ನುತ್ತಾರೆ. ಮೌಲ್ಯ ಎಂಬುದು ಭಾಷಣದಲ್ಲಿ ಬಳಸಿ ಬಳಸಿ ಸವೆದ ಮಾತು. ಆದರೂ ಅದರ ಮೂಲ ಅರ್ಥ ಬೆಲೆ ಎಂಬುದನ್ನು ನೆನಪಿಟ್ಟುಕೊಂಡರೆ ಅದು ಉಪಯೋಗಕ್ಕೆ ಬರುತ್ತದೆ. ಒಂದು ಸಂಗತಿ ನಮಗೆ ಎಷ್ಟು ಮುಖ್ಯ ಎನ್ನುವುದು ಅದಕ್ಕಾಗಿ ಇನ್ನಾವುದನ್ನು ಬಿಟ್ಟುಕೊಡುತ್ತೇವೆ ಎನ್ನುವುದರಿಂದ ತಿಳಿಯುತ್ತದೆಯೇ ಹೊರತು, ಅದನ್ನು ಎಷ್ಟು ಗೌರವಿಸುತ್ತೇವೆ ಎನ್ನುವುದರಿಂದ ಅಲ್ಲ. ಅಮೆರಿಕದ ಮನೋವಿಜ್ಞಾನಿ ಮಿಲ್ಟನ್ ರೋಕೀಚ್ 1973ರಲ್ಲಿ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ 36 ಮೌಲ್ಯಗಳನ್ನು, ಬದುಕಿನ ಗುರಿಗಳೆಂದು 18, ಬಾಳುವ ರೀತಿಗಳೆಂದು 18, ಹೀಗೆ ಎರಡು ಪಟ್ಟಿಗಳಲ್ಲಿಟ್ಟು, ಒಂದೊಂದೂ ಮುಖ್ಯವೇ ಎಂದು ಕೇಳದೆ, ಅವನ್ನು ತಮಗೆ ಮುಖ್ಯವಾದ ಕ್ರಮದಲ್ಲಿ ಒಂದರ ಕೆಳಗೊಂದು ಜೋಡಿಸಲು ಜನರಿಗೆ ಹೇಳಿದರು. ಅವರು ಹಾಗೆ ಮಾಡಿದ್ದಕ್ಕೆ ಅರ್ಥವಿದೆ. ಪ್ರಾಮಾಣಿಕತೆ ಮುಖ್ಯವೇ ಎಂದರೆ ಎಲ್ಲರೂ ಹೌದೆನ್ನುತ್ತಾರೆ, ಕುಟುಂಬ ಮುಖ್ಯವೇ ಎಂದರೂ ಹೌದೆನ್ನುತ್ತಾರೆ. ಕಷ್ಟ ಬರುವುದು ಎರಡರಲ್ಲಿ ಯಾವುದನ್ನು ಮೇಲಿಡುತ್ತೀರಿ ಎಂದು ಕೇಳಿದಾಗ. ಬದುಕು ಆ ಪ್ರಶ್ನೆಯನ್ನು ಕೇಳುವುದೂ ಪಟ್ಟಿ ಕೊಟ್ಟು ಅಲ್ಲ, ಅರ್ಜಿಯ ಕಾಲಂ ತೋರಿಸಿ, ಕೊನೆಯ ತಾರೀಖು ಹೇಳಿ.

ಇಸ್ರೇಲಿನ ಮನೋವಿಜ್ಞಾನಿ ಶಲೋಮ್ ಶ್ವಾರ್ಟ್ಸ್ 1992ರಲ್ಲಿ ಈ ವಿಚಾರವನ್ನು ಮುಂದಕ್ಕೆ ಕೊಂಡೊಯ್ದರು. ಸುರಕ್ಷತೆ, ಸಂಪ್ರದಾಯ, ಕಟ್ಟುಪಾಡಿಗೆ ತಲೆಬಾಗುವುದು, ಆಪ್ತರ ಹಿತ, ಎಲ್ಲರ ಹಿತ, ಸ್ವಂತ ದಾರಿ, ಹೊಸತನದ ಹುರುಪು, ಸುಖ, ಸಾಧನೆ, ಅಧಿಕಾರ ಎಂದು ಹತ್ತು ಮೂಲ ಮೌಲ್ಯಗಳನ್ನು ಗುರುತಿಸಿ, ಅವನ್ನು ಅವರು ಒಂದು ವೃತ್ತದಲ್ಲಿ ಜೋಡಿಸಿದರು. ವೃತ್ತದಲ್ಲಿ ಪಕ್ಕಪಕ್ಕದಲ್ಲಿರುವವು ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ಎದುರುಬದುರಾಗಿರುವವು ಒಂದನ್ನೊಂದು ಎಳೆಯುತ್ತವೆ. ಸಾಧನೆ ಮತ್ತು ಅಧಿಕಾರ ಒಂದು ಕಡೆ, ಆಪ್ತರ ಹಿತ ಮತ್ತು ಎಲ್ಲರ ಹಿತ ಅದರ ಎದುರು ಕಡೆ. ನಿಮ್ಮ ವಿಷಯದಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಈ ಚೌಕಟ್ಟಿನಲ್ಲಿ ಪ್ರಾಮಾಣಿಕತೆ ಇರುವ ಜಾಗ. ಅದಕ್ಕೆ ಅಲ್ಲಿ ಪ್ರತ್ಯೇಕ ಮನೆಯಿಲ್ಲ. ನಿಷ್ಠೆ, ಹೊಣೆಗಾರಿಕೆ, ನೆರವಾಗುವ ಗುಣ ಇವುಗಳ ಜೊತೆಗೆ ಅದು 'ಆಪ್ತರ ಹಿತ'ದ ಒಳಗೇ ಇದೆ. ಅಂದರೆ ನಾವು ಎಲ್ಲಕ್ಕಿಂತ ಮೊದಲು ಪ್ರಾಮಾಣಿಕರಾಗಿರುವುದು ನಮ್ಮವರೊಡನೆ, ನಮ್ಮವರಿಗಾಗಿ. ನಿಮ್ಮ ಊಟದ ಮೇಜಿನ ಮೇಲೆ ನಡೆದ ಜಗಳ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡೆದದ್ದಲ್ಲ. ಒಂದೇ ಮನೆಯಲ್ಲಿ ಬೆಳೆದ ಎರಡು ಒಳ್ಳೆಯ ಸಂಗತಿಗಳು, ಮಗಳಿಗೆ ನಿಷ್ಠೆಯಾಗಿರುವುದು ಮತ್ತು ಮಗಳ ಮುಂದೆ ಸತ್ಯವಾಗಿರುವುದು, ಅಂದು ಎದುರುಬದುರು ನಿಂತವು.

ಈಗ ಅಪ್ಪಯ್ಯನ ವಿಷಯ. ಚೀಲ ಹಿಂತಿರುಗಿಸಿದ ಅವರ ಕೆಲಸದ ಹಿರಿಮೆಯನ್ನು ಒಂದಿಷ್ಟೂ ಕಡಿಮೆ ಮಾಡದೆ, ಅವರಿದ್ದ ಪರಿಸ್ಥಿತಿಯನ್ನೂ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಆ ಕಾಲದಲ್ಲಿ ಹೋಟೆಲಿನ ಹುಡುಗ ದುಡಿಯುತ್ತಿದ್ದದ್ದು, ಉಣ್ಣುತ್ತಿದ್ದದ್ದು, ರಾತ್ರಿ ಚಾಪೆ ಬಿಚ್ಚಿ ಮಲಗುತ್ತಿದ್ದದ್ದು ಒಂದೇ ಸೂರಿನಡಿ. ಮಾಲೀಕರು ಊರಿನವರು, ಪಕ್ಕದಲ್ಲಿ ಮಲಗಿದವನು ಆಚೆ ಗ್ರಾಮದವನು. ಇಲ್ಲಿ ನಡೆದದ್ದು ಮುಂದಿನ ಬಸ್ಸಿಗೆ ಕುಂದಾಪುರ ತಲುಪುತ್ತಿತ್ತು. ನಂಬಿಕಸ್ಥ ಎಂಬ ಹೆಸರೇ ಅಂಥವರ ಆಸ್ತಿ, ಗಲ್ಲಾಪೆಟ್ಟಿಗೆಯ ಕುರ್ಚಿಯವರೆಗೆ ಹೋಗುವ ದಾರಿಯೂ ಅದೇ. ಅಪ್ಪಯ್ಯನ ಬದುಕಿನಲ್ಲಿ ಪ್ರಾಮಾಣಿಕತೆ, ಸುರಕ್ಷತೆ, ಊರಿನ ಮರ್ಯಾದೆ ಮೂರೂ ಒಂದೇ ದಿಕ್ಕಿಗೆ ಎಳೆಯುತ್ತಿದ್ದವು. ನಿಮ್ಮ ಆಫೀಸಿನಲ್ಲಿ ಪ್ರಾಮಾಣಿಕತೆ ಒಂದು ಕಡೆಗೆ ಎಳೆದರೆ ಸುರಕ್ಷತೆ, ಅಂದರೆ ಮನೆಸಾಲದ ಕಂತು, ಬಡ್ತಿ, ಮೇಲಿನವರ ಮುಖ, ಇನ್ನೊಂದು ಕಡೆಗೆ ಎಳೆಯುತ್ತದೆ. ಒಂದೇ ಗುಣ ಇಬ್ಬರ ಕೈಗೂ ಬಂದಿರಬಹುದು. ಅದಕ್ಕೆ ಇಬ್ಬರೂ ತೆರಬೇಕಾದ ಬೆಲೆ ಒಂದೇ ಅಲ್ಲ.

ಅಪ್ಪಯ್ಯನೂ ಬೆಲೆ ತೆತ್ತಿದ್ದಾರೆ. ಅದನ್ನು ನೀವೇ ಬರೆದಿದ್ದೀರಿ, ಆದರೆ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ವರ್ಷಕ್ಕೊಮ್ಮೆ ಹದಿನೈದು ದಿನ ಬರುವ ನೆಂಟರಂತಹ ತಂದೆ. ಬೆಳೆಯುವ ಹುಡುಗನಿಗೆ ಆ ಚೀಲದ ಕತೆಯಷ್ಟೇ, ಬಹುಶಃ ಅದಕ್ಕಿಂತ ಆಳವಾಗಿ, ಇಳಿದದ್ದು ಆ ಖಾಲಿ ಜಾಗ. ನನ್ನ ಮಗುವಿಗೆ ನಾನು ಹಾಗಾಗಬಾರದು, ಅವಳ ಫಾರಂ, ಅವಳ ಫೀಸು, ಅವಳ ಕ್ಲಾಸು ಎಲ್ಲಕ್ಕೂ ನಾನಿರಬೇಕು, ಅವಳಿಗೆ ಯಾವುದರಲ್ಲೂ ಕೊರತೆಯಾಗಬಾರದು ಎಂದು ನೀವು ಯಾವಾಗಲೋ ನಿರ್ಧರಿಸಿದ್ದೀರಿ. ನಾನು ನಿಮ್ಮೊಡನೆ ಎದುರು ಕೂತು ಮಾತಾಡಿಲ್ಲ, ಆದ್ದರಿಂದ ಇದು ನನ್ನ ಊಹೆ, ತಪ್ಪಿದ್ದರೆ ಬಿಟ್ಟುಬಿಡಿ. ಆದರೆ ಮುಂಬಯಿಗೆ ದುಡಿಯಲು ಬಂದವರ ಮಕ್ಕಳಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ತಂದೆಯ ಗುಣವನ್ನು ಬಾಯಿಮಾತಿನಲ್ಲಿ ಹೊಗಳುತ್ತಾರೆ, ತಂದೆಯಿಂದ ಸಿಗದಿದ್ದದ್ದನ್ನು ಮಕ್ಕಳಿಗೆ ಕೊಡುವುದರಲ್ಲಿ ಇಡೀ ಬದುಕನ್ನು ಖರ್ಚು ಮಾಡುತ್ತಾರೆ. ಎರಡನೆಯದಕ್ಕೆ ಅವರು ಹೆಸರಿಡುವುದಿಲ್ಲ. ಹೆಸರಿಲ್ಲದ್ದಕ್ಕೆ ಮಿತಿ ಹಾಕುವುದು ಕಷ್ಟ, ಅದು ಒಂದು ದಿನ ಸುಳ್ಳು ಸರ್ಟಿಫಿಕೇಟನ್ನೂ ತರಿಸುತ್ತದೆ.

ಮುಂಬಯಿ ನಿಮ್ಮನ್ನು ಕೆಡಿಸಿತೇ ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಬೇಕಾಗಿಲ್ಲ. ಚೀಲ ಹಿಂತಿರುಗಿದ್ದೂ ಇದೇ ಮುಂಬಯಿಯಲ್ಲಿ. ಶ್ವಾರ್ಟ್ಸ್ ಅವರ ವಿಧಾನವನ್ನು ಮುಂದೆ ಎಂಬತ್ತಕ್ಕೂ ಹೆಚ್ಚು ದೇಶಗಳಲ್ಲಿ ಬಳಸಲಾಗಿದ್ದು, ಹೆಚ್ಚಿನ ಸಮಾಜಗಳಲ್ಲಿ ಜನರು ಆಪ್ತರ ಹಿತವನ್ನು ಎಲ್ಲಕ್ಕಿಂತ ಮೇಲಿನ ಸಾಲಿನಲ್ಲೂ ಅಧಿಕಾರವನ್ನು ಕೊನೆಯ ಸಾಲಿನಲ್ಲೂ ಇಡುವುದು ಕಂಡುಬಂದಿದೆ. ಆದರೆ ನಗರವು ಒಂದು ಕೆಲಸವನ್ನು ಖಂಡಿತ ಮಾಡುತ್ತದೆ, ಅದು ಅವಸರ. ಈ ಬಗ್ಗೆ ಒಂದು ಹಳೆಯ ಪ್ರಯೋಗವನ್ನು ಹೇಳಬೇಕು. 1973ರಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದ ವರದಿ ಪ್ರಕಟಿಸಿದರು. ವಿದ್ಯಾರ್ಥಿಗಳು ಇನ್ನೊಂದು ಕಟ್ಟಡಕ್ಕೆ ಹೋಗಿ ಚಿಕ್ಕ ಭಾಷಣ ಮಾಡಬೇಕಿತ್ತು. ಅವರಲ್ಲಿ ಅರ್ಧ ಜನರ ವಿಷಯ, ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ಸಮಾರ್ಯದವನ ಬೈಬಲ್ ಕತೆ. ಹೋಗುವ ದಾರಿಯಲ್ಲಿ ಬಾಗಿಲೊಂದರ ಬಳಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತ ನರಳುತ್ತಿದ್ದ. ಭಾಷಣದ ವಿಷಯ ಯಾವುದೆಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ಅವಸರವಿಲ್ಲದವರಲ್ಲಿ ಶೇಕಡಾ 63, ಸ್ವಲ್ಪ ಅವಸರವಿದ್ದವರಲ್ಲಿ ಶೇಕಡಾ 45, ತಡವಾಗಿದೆ ಎಂದು ಓಡಿಸಲ್ಪಟ್ಟವರಲ್ಲಿ ಶೇಕಡಾ 10 ಮಂದಿ ಮಾತ್ರ ಅವನಿಗೆ ನೆರವಾದರು. ಕೇವಲ 40 ವಿದ್ಯಾರ್ಥಿಗಳ ಸಣ್ಣ ಪ್ರಯೋಗ ಅದು, ಆ ಅಂಕಿಗಳನ್ನೇ ಕಲ್ಲಿನಲ್ಲಿ ಕೆತ್ತಬೇಕಾಗಿಲ್ಲ. ಆದರೂ ಬೆಳಿಗ್ಗೆ ಏಳೂವರೆಯ ಫಾಸ್ಟ್ ಲೋಕಲ್ ಹಿಡಿದು ರಾತ್ರಿ ಒಂಬತ್ತೂವರೆಗೆ ಮನೆಯ ಬೆಲ್ ಒತ್ತುವ ಮನುಷ್ಯ, ಕೊನೆಯ ತಾರೀಖಿನ ಒತ್ತಡದಲ್ಲಿ, ಪರಿಚಯದವರು ಒಂದು ಫೋನಿನಲ್ಲಿ 'ಆಗಿಹೋಗುತ್ತೆ ಬಿಡಿ' ಎಂದಾಗ ನಿಂತು ಯೋಚಿಸಲಿಲ್ಲ ಎಂದರೆ ನನಗೆ ಆಶ್ಚರ್ಯವಾಗುವುದಿಲ್ಲ. ಇದನ್ನು ಕ್ಷಮೆಯೆಂದು ತೆಗೆದುಕೊಳ್ಳಬೇಡಿ, ಎಲ್ಲಿ ರಿಪೇರಿ ಮಾಡಬೇಕು ಎಂಬ ಸುಳಿವೆಂದು ತೆಗೆದುಕೊಳ್ಳಿ. ಮನಸ್ಸನ್ನು ಬೈದುಕೊಳ್ಳುವುದಕ್ಕಿಂತ ನಿರ್ಧಾರಕ್ಕೆ ಒಂದು ರಾತ್ರಿಯ ಬಿಡುವು ಕೊಡುವುದು ಹೆಚ್ಚು ಕೆಲಸ ಮಾಡುತ್ತದೆ.

ಬಾಲ್ಯದಲ್ಲಿ ಬಂದದ್ದೇ ಕೊನೆ, ಇನ್ನು ಬದಲಾಗದು ಎಂಬ ಮಾತೂ ಪೂರ್ತಿ ನಿಜವಲ್ಲ. ನಡುವಯಸ್ಸಿನಲ್ಲಿ ನಮ್ಮ ಆದ್ಯತೆಗಳು ಸಾಮಾನ್ಯವಾಗಿ ಗಟ್ಟಿಯಾಗಿ ನಿಂತಿರುತ್ತವೆ, ಆದರೆ ಮಗು ಹುಟ್ಟುವುದು, ಊರು ಬಿಡುವುದು, ಕಾಯಿಲೆ, ಸಾವು ಇಂಥವು ಅವುಗಳ ಕ್ರಮವನ್ನು ಪಲ್ಲಟಗೊಳಿಸುತ್ತವೆ. 17ರ ಮಗಳು ಮುಟ್ಟದೆ ಬಿಟ್ಟ ಒಂದು ಕಾಗದಕ್ಕೂ ಆ ಶಕ್ತಿ ಇರಬಹುದು.

ಆಫೀಸಿನ ಬಿಲ್ಲುಗಳ ವಿಷಯದಲ್ಲಿ ನನಗೆ ಹೆಚ್ಚು ಆತಂಕವಿದೆ, ಏಕೆಂದರೆ ಅಲ್ಲಿ ತಪ್ಪು ಅಭ್ಯಾಸವಾಗಿದೆ. ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಜರ್ 1957ರಲ್ಲಿ ಮಂಡಿಸಿದ ಸಿದ್ಧಾಂತವೊಂದು ಇಲ್ಲಿ ನೆರವಿಗೆ ಬರುತ್ತದೆ: ನಂಬಿಕೆಗೂ ನಡತೆಗೂ ಹೊಂದಿಕೆಯಿಲ್ಲದಾಗ ಮನಸ್ಸಿಗೆ ಕಿರಿಕಿರಿಯಾಗುತ್ತದೆ, ಆ ಕಿರಿಕಿರಿಯನ್ನು ಕಳೆದುಕೊಳ್ಳಲು ನಾವು ನಡತೆಯನ್ನು ತಿದ್ದುವ ಬದಲು ನಂಬಿಕೆಯನ್ನೇ ಸಡಿಲಿಸಿಬಿಡಬಹುದು. 1959ರಲ್ಲಿ ಅವರೂ ಸಹಸಂಶೋಧಕ ಕಾರ್ಲ್‌ಸ್ಮಿತ್ ಅವರೂ ಸೇರಿ, ಬಹಳ ಬೇಸರದ ಕೆಲಸವೊಂದನ್ನು ಮಾಡಿದ ವಿದ್ಯಾರ್ಥಿಗಳಿಂದ, ಕೆಲಸ ಸೊಗಸಾಗಿತ್ತು ಎಂದು ಮುಂದಿನವರಿಗೆ ಸುಳ್ಳು ಹೇಳಿಸಿದರು. ಕೆಲವರಿಗೆ 20 ಡಾಲರ್ ಕೊಟ್ಟರು, ಕೆಲವರಿಗೆ 1 ಡಾಲರ್. ಆಮೇಲೆ ಕೇಳಿದಾಗ ಕೆಲಸ ನಿಜಕ್ಕೂ ಚೆನ್ನಾಗಿತ್ತು ಎಂದು ಹೆಚ್ಚಾಗಿ ಹೇಳಿದವರು 1 ಡಾಲರ್ ಪಡೆದವರು. ದೊಡ್ಡ ಮೊತ್ತ ಸಿಕ್ಕವನಿಗೆ ತಾನೇಕೆ ಸುಳ್ಳು ಹೇಳಿದೆ ಎಂಬುದು ಗೊತ್ತು. ಚಿಲ್ಲರೆಗೆ ಹೇಳಿದವನು ತನ್ನನ್ನೇ ನಂಬಿಸಿಕೊಳ್ಳಬೇಕು. ಮಾರ್ಚ್ ಕೊನೆಯ ತಾರೀಖುಗಳಿಗೆ ನಿಮಗೆ ಯಾರೂ ಲಂಚ ಕೊಡಲಿಲ್ಲ, ಹೆದರಿಸಲಿಲ್ಲ. ಅದಕ್ಕೇ ಅದು 'ಮಾಮೂಲು' ಆಯಿತು. ಆಲ್ಬರ್ಟ್ ಬಂಡೂರಾ ಎಂಬ ಮನೋವಿಜ್ಞಾನಿ ತೋರಿಸಿಕೊಟ್ಟಂತೆ, ತಪ್ಪಿಗೆ ಮೆತ್ತನೆಯ ಹೆಸರಿಡುವುದು, ಹೊಣೆಯನ್ನು ಹತ್ತು ಜನರ ಮೇಲೆ ಹಂಚಿಬಿಡುವುದು ಒಳಗಿನ ಕಾವಲುಗಾರನನ್ನು ಮಲಗಿಸುವ ವಿಧಾನಗಳು. ಮಾಮೂಲು, ಅಡ್ಜಸ್ಟ್‌ಮೆಂಟ್, ಎಲ್ಲರೂ ಮಾಡುವುದೇ ಎನ್ನುವ ಮಾತುಗಳು ನಿಮ್ಮ ಬಾಯಲ್ಲಿ ಬಂದಾಗ ಒಂದು ಕ್ಷಣ ನಿಲ್ಲಿ. ಅದರ ಜಾಗದಲ್ಲಿ ಆ ಕೆಲಸದ ನಿಜವಾದ ಹೆಸರನ್ನು ಇಟ್ಟು ವಾಕ್ಯವನ್ನು ಮತ್ತೊಮ್ಮೆ ಹೇಳಿನೋಡಿ.

ಈಗ ನಿಮ್ಮ ಮುಂದಿರುವ ದಾರಿಗಳು. ಏನೂ ಮಾಡದೆ, ದೊಡ್ಡವಳಾದ ಮೇಲೆ ಅವಳಿಗೇ ಅರ್ಥವಾಗುತ್ತದೆ ಎಂದು ಸುಮ್ಮನಿದ್ದುಬಿಡಬಹುದು. ಮನೆಯಲ್ಲಿ ಶಾಂತಿ ಬೇಗ ಬರುತ್ತದೆ, ಅದರ ಅಪಾಯವೂ ಆ ಶಾಂತಿಯೇ. ಮುಂದಿನ ಸಲ ಚುಚ್ಚುವುದು ಇಷ್ಟಿರುವುದಿಲ್ಲ, ಚೀಲದ ಕತೆಯನ್ನು ಮಗಳ ಮುಂದೆ ಮತ್ತೆ ಹೇಳಲೂ ಆಗುವುದಿಲ್ಲ. ಇದನ್ನು ನಾನು ಒಪ್ಪಲಾರೆ.

ತಕ್ಷಣ ರಾಜೀನಾಮೆ ಕೊಡುವುದು ಇನ್ನೊಂದು ತುದಿ. ನಿದ್ದೆಗೆಟ್ಟ ಮೂರು ವಾರಗಳ ಬಳಿಕ ಅದು ಪ್ರಾಯಶ್ಚಿತ್ತದಂತೆ ಕಾಣುತ್ತದೆ. ಪಶ್ಚಾತ್ತಾಪ ಬಿಸಿಯಾಗಿರುವಾಗ ಮಾಡಿದ ತ್ಯಾಗದ ಬೆಲೆಯನ್ನು ಅನೇಕ ಬಾರಿ ಹೆಂಡತಿ ಮಕ್ಕಳು ತೆರುತ್ತಾರೆ, ಆಮೇಲೆ ಅದೇ ಮನುಷ್ಯ ಅವರ ಮೇಲೆಯೇ ಸಿಡುಕುವುದನ್ನೂ ನಾನು ನೋಡಿದ್ದೇನೆ. ಅದರ ಬದಲು ಒಂದೇ ಒಂದು ಗೆರೆ ಎಳೆದುಕೊಳ್ಳಿ: ಇನ್ನು ಮುಂದೆ ಹಿಂದಿನ ತಾರೀಖಿನ ಯಾವ ಕಾಗದಕ್ಕೂ ನನ್ನ ಸಹಿ ಇಲ್ಲ. ಅದನ್ನು ಮೇಲಿನವರಿಗೆ ಮಾರ್ಚ್ ತಿಂಗಳ ಗಡಿಬಿಡಿಯಲ್ಲಿ ಅಲ್ಲ, ಬಿಡುವಿನ ಒಂದು ದಿನ, ಯಾರನ್ನೂ ದೂರದೆ, ನನ್ನ ಮಟ್ಟಿಗೆ ಹೀಗೆ ಎಂದು ಹೇಳಿ. ಈ ದಾರಿಯಲ್ಲೂ ಅಪಾಯವಿದೆ: ವರ್ಷಾಂತ್ಯದ ರೇಟಿಂಗ್ ಇಳಿಯಬಹುದು, ಒಳ್ಳೆಯ ಕೆಲಸ ಬೇರೆಯವರ ಮೇಜಿಗೆ ಹೋಗಬಹುದು. ಆದ್ದರಿಂದ ಮೊದಲು ಪತ್ನಿಯೊಡನೆ ಕೂತು ಎಷ್ಟು ತಿಂಗಳ ಕಂತಿಗೆ ಕೈಯಲ್ಲಿ ಹಣವಿದೆ ಎಂದು ಲೆಕ್ಕ ಹಾಕಿ. ಹಿಂದೆ ಸಹಿ ಮಾಡಿದ್ದರ ಕಾನೂನಿನ ಪರಿಣಾಮ ನನ್ನ ವಿಷಯವಲ್ಲ. ಕಂಪನಿಯ ಹೊರಗಿನ, ನಿಮಗೆ ನಂಬಿಕೆಯಿರುವ ವಕೀಲರನ್ನೋ ಚಾರ್ಟರ್ಡ್ ಅಕೌಂಟೆಂಟರನ್ನೋ ಕೇಳಿ ತಿಳಿದುಕೊಳ್ಳಿ.

ಒಂದು ಸಣ್ಣ ಅಭ್ಯಾಸವನ್ನೂ ಸೂಚಿಸುತ್ತೇನೆ, ಅದು ನಿಮ್ಮ ವೃತ್ತಿಗೆ ಒಗ್ಗುವಂಥದ್ದು. ಎರಡು ವಾರ, ರಾತ್ರಿ ಮಲಗುವ ಮುನ್ನ ಮೂರು ಸಾಲು ಬರೆಯಿರಿ: ಈ ದಿನ ಹೆಚ್ಚು ಹೊತ್ತು ಯಾವುದಕ್ಕೆ ಹೋಯಿತು, ಲೆಕ್ಕ ನೋಡದೆ ಹಣ ಯಾವುದಕ್ಕೆ ಹೋಯಿತು, ಸಿಟ್ಟು ಯಾವುದಕ್ಕೆ ಬಂತು. ಸಿಟ್ಟಿನ ಸಾಲನ್ನು ಬಿಡಬೇಡಿ, ಅದು ಸುಳ್ಳು ಹೇಳುವುದು ಕಡಿಮೆ. ಎರಡು ವಾರಗಳ ಕೊನೆಗೆ ನೀವು ನಿಜವಾಗಿ ಯಾವುದಕ್ಕೆ ಬೆಲೆ ತೆರುತ್ತಿದ್ದೀರಿ ಎಂಬುದು ಖಾತೆಪುಸ್ತಕದಂತೆ ಕಾಣುತ್ತದೆ. ಆದರೆ ಬರೆಯುತ್ತ ಬರೆಯುತ್ತ ಅದು ನಿಮ್ಮನ್ನು ನೀವೇ ಹೊಡೆದುಕೊಳ್ಳುವ ಚಾಟಿಯಾಗುತ್ತಿದೆ ಅನ್ನಿಸಿದರೆ ನಿಲ್ಲಿಸಿಬಿಡಿ. ನಿದ್ದೆಯ ವಿಷಯವನ್ನೂ ಹಗುರವಾಗಿ ಎಣಿಸಬೇಡಿ. ಮೂರು ವಾರ ಕಳೆದಿದೆ. ಊಟ ರುಚಿಸದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಬದುಕಿ ಪ್ರಯೋಜನವೇನು ಎಂಬ ಯೋಚನೆ ಸುಳಿದರೆ ಅದನ್ನು ಪಶ್ಚಾತ್ತಾಪವೆಂದುಕೊಂಡು ಕೂರದೆ ವೈದ್ಯರನ್ನು ಕಾಣಿ. ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416, ಕರೆ ಉಚಿತ.

ಇನ್ನು ಮಗಳು. ಅವಳೊಡನೆ ಮಾತಾಡುವಾಗ ದೊಡ್ಡ ತಪ್ಪೊಪ್ಪಿಗೆ ಬೇಡ, ಕಣ್ಣೀರೂ ಬೇಡ. ತಂದೆ ಕುಸಿದರೆ ಅವರನ್ನು ಎತ್ತುವ ಭಾರ ಆ ಹುಡುಗಿಯ ಮೇಲೆ ಬೀಳುತ್ತದೆ, ಅದು ಅವಳ ಕೆಲಸವಲ್ಲ. 'ನಾನು ತಂದ ಕಾಗದ ಸುಳ್ಳು. ನಿನಗೆ ಯಾವುದರಲ್ಲೂ ಕಡಿಮೆಯಾಗಬಾರದು ಎಂಬ ಆಸೆಯಲ್ಲಿ ತಂದೆ, ಆದರೂ ತರಬಾರದಿತ್ತು' ಎಂದಿಷ್ಟು ಹೇಳಿದರೆ ಸಾಕು. ಅವಳು ಕೇಳಿದ ಪ್ರಶ್ನೆಗೂ ಉತ್ತರ ಕೊಡಿ: ಅಜ್ಜ ತರುತ್ತಿರಲಿಲ್ಲ. ಅವಳಿಗೆ ಕೇಳುವ ಮನಸ್ಸಿದ್ದರೆ, ಅಜ್ಜ ವರ್ಷಕ್ಕೆ ಹದಿನೈದೇ ದಿನ ಮನೆಯಲ್ಲಿರುತ್ತಿದ್ದರು ಎಂಬ ಕತೆಯ ಇನ್ನೊಂದು ಅರ್ಧವನ್ನೂ ಹೇಳಿ. ಅವಳು ಅದನ್ನು ಕೇಳಿರಲಾರಳು ಎಂದು ನನ್ನ ಎಣಿಕೆ. ಅಷ್ಟಾದ ಮೇಲೂ ಅವಳು ಮುನಿಸು ಬಿಡದಿರಬಹುದು, ಬಿಡಬೇಕೆಂದು ಕಾಯಬೇಡಿ.

ಸರ್ಟಿಫಿಕೇಟನ್ನು ಕೊಟ್ಟವರಿಗೆ ಹಿಂತಿರುಗಿಸಿ, ಬಳಸಲಿಲ್ಲ ಎಂದು ಹೇಳಿ. ಅವರಿಗೆ ಸ್ವಲ್ಪ ಬೇಸರವಾಗುತ್ತದೆ, ಆಗಲಿ. 28ಕ್ಕೆ ಇನ್ನೂ ದಿನಗಳಿವೆ. ವಾಚ್‌ಮನ್‌ನ ಮಕ್ಕಳಿಗೆ ಭಾನುವಾರ ಲೆಕ್ಕ ಹೇಳಿಕೊಡುವುದನ್ನು ನೀವು 'ಅಷ್ಟೇ' ಎಂದು ಬರೆದಿದ್ದೀರಿ. ಮಗಳಿಗೆ ಇಷ್ಟವಿದ್ದರೆ ಎಷ್ಟು ಭಾನುವಾರ, ಯಾವ ತರಗತಿಯ ಲೆಕ್ಕ ಎಂದು ಅವಳೇ ತನ್ನ ಮಾತಿನಲ್ಲಿ ನಾಲ್ಕು ಸಾಲು ಬರೆದು ಆ ಕಾಲಂ ತುಂಬಲಿ. ಇಷ್ಟವಿಲ್ಲದಿದ್ದರೆ ಖಾಲಿ ಬಿಡಲಿ. ಈ ಸಲ ಫಾರಂ ತುಂಬುವ ಪೆನ್ನು ಅವಳ ಕೈಯಲ್ಲೇ ಇರಲಿ.